ಕಾಫಿಪುಡಿಯ ಡಬ್ಬಿ

(ಬಾನುಲಿ ಭಾಷಣ)

ನಮ್ಮ ಹಿರಿಯರು ಕೂಡಿಡುವುದರಲ್ಲಿ ನಿಪುಣರು. ಸುಗ್ಗಿಯಲ್ಲಿ ಬಂದ ಅಕ್ಕಿಯನ್ನು ವರ್ಷ ಕಳೆದ ಮೇಲೆ ಉಣ್ಣುವುದೇ ಲೇಸೆಂದು ಅವರು ಬಲ್ಲರು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದರ ಅನ್ನ ಬಿಡಿಬಿಡಿಯಾಗಿ ಅರಳುತ್ತದೆ. ಹುಣಿಸೆಹಣ್ಣನ್ನು ಉಪ್ಪು ಬೆರೆಸಿ ಮಡಕೆಗೆ ತುಂಬಿಟ್ಟರೆ ಅದು ಕಪ್ಪಾದಷ್ಟೂ ಅದಕ್ಕೆ ಮರ್ಯಾದೆ. ಮಾವಿನ ಮಿಡಿಯ ಉಪ್ಪಿನಕಾಯಿಗೆ ಎರಡನೆಯ ಮಳೆಗಾಲದಲ್ಲಿ ನಿಜವಾದ ರುಚಿ ಬರುತ್ತದೆಂದು ಹೇಳುವವರು ಮಲೆನಾಡಿನಲ್ಲಿ ಈಗಲೂ ಇದ್ದಾರೆ. ಉಗ್ರಾಣ ತುಂಬಿದ್ದರೆ ಮನೆ ತುಂಬಿದಂತೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಇಂತಹ ಉಗ್ರಾಣಕ್ಕೆ ಕಾಫಿಪುಡಿ ಬಂದದ್ದು ಬಹಳ ತಡವಾಗಿ. ಬಂದ ಮೇಲೆ ಅದನ್ನೂ ನಾವು ಹುಣಿಸೆಹಣ್ಣಿನ ಮಡಕೆಯ ಪಕ್ಕದಲ್ಲಿಯೇ ಕೂರಿಸಿದೆವು. ತಪ್ಪಾದದ್ದು ಅಲ್ಲಿ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಕಾಫಿಪುಡಿಯ ಡಬ್ಬಿಗಳು ಎರಡಿದ್ದವು. ಒಂದು ಒಲೆಯ ಪಕ್ಕದ ಗೂಡಿನಲ್ಲಿ. ಅದರಲ್ಲಿ ದಿನಬಳಕೆಯ ಪುಡಿ, ಚಿಕೋರಿ ಧಾರಾಳವಾಗಿ ಬೆರೆಸಿದ್ದು, ವಾರಕ್ಕೊಮ್ಮೆ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದದ್ದು. ಇನ್ನೊಂದು ನಡುಮನೆಯ ಬೀರುವಿನಲ್ಲಿ. ಅದಕ್ಕೆ ನನ್ನ ತಾಯಿ ಬಟ್ಟೆ ಸುತ್ತಿ ದಾರ ಕಟ್ಟಿ ಇಡುತ್ತಿದ್ದಳು. ಅದು ಮೂಡಿಗೆರೆಯ ಕಡೆ ಸಣ್ಣ ತೋಟವಿದ್ದ ನನ್ನ ಸೋದರಮಾವ ಕಳುಹಿಸುತ್ತಿದ್ದ ಪುಡಿ. 1942ರ ಕಾಫಿ ಕಾನೂನಿನಂತೆ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿದ್ದ ಕಾಲ ಅದು. 1990ರ ದಶಕದಲ್ಲಿ ಆ ಪದ್ಧತಿ ಕೊನೆಗೊಂಡಿತು. ಮನೆಯ ಬಳಕೆಗೆಂದು ಬೆಳೆಗಾರರು ಉಳಿಸಿಕೊಳ್ಳಬಹುದಾಗಿದ್ದ ಅಷ್ಟಿಷ್ಟರಲ್ಲಿ ಅಕ್ಕನಿಗೊಂದು ಪಾಲನ್ನು ಮಾವ ಹುರಿಸಿ, ಪುಡಿ ಮಾಡಿಸಿ, ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದ. ಅದನ್ನು ನಾವು ಕುಡಿಯುವಂತಿರಲಿಲ್ಲ. ಅದು ಬಂದವರಿಗೆ.

ಬಂದವರು ಎಂದರೆ ದೊಡ್ಡವರು. ಅವರು ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ. ಒಂದು ವರ್ಷ ಮಹಾನವಮಿಯ ಹೊತ್ತಿಗೆ ಮಾವನೇ ಬಂದ. ತಾಯಿ ಸಂಭ್ರಮದಿಂದ ಬೀರು ತೆರೆದು, ದಾರ ಬಿಚ್ಚಿ, ಯುಗಾದಿಯ ಹೊತ್ತಿಗೆ ಅವನೇ ಕಳುಹಿಸಿದ್ದ ಪುಡಿಯಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ ಕಾಫಿ ಮಾಡಿಕೊಟ್ಟಳು. ಮಾವ ಪೂರ್ತಿ ಕುಡಿದ. ಲೋಟ ಕೆಳಗಿಟ್ಟು, "ಅಕ್ಕಾ, ನೀವು ದಿನಾ ಕುಡಿಯುವುದರಲ್ಲಿ ಇನ್ನೊಂದು ಅರ್ಧ ಲೋಟ ಕೊಡು" ಎಂದ. ತಾಯಿಗೆ ಅರ್ಥವಾಗಲಿಲ್ಲ. "ಯಾಕಪ್ಪಾ, ಇದು ನಿನ್ನ ತೋಟದ್ದೇ. ನಿನಗೆಂದೇ ಮುಟ್ಟದೆ ಇಟ್ಟಿದ್ದೆ" ಎಂದಳು. "ಇಟ್ಟೆಯಲ್ಲ, ಅದಕ್ಕೇ ಹೋಯಿತು. ಹೆಸರು ನನ್ನ ತೋಟದ್ದು, ರುಚಿ ನಿನ್ನ ಬೀರುವಿನದು" ಎಂದು ಅವನು ನಕ್ಕ. ತಾಯಿ ನಗಲಿಲ್ಲ. ಆರು ತಿಂಗಳು ಆಸೆಯನ್ನು ಕಟ್ಟಿಹಾಕಿ ಕಾಪಾಡಿದ ವಸ್ತು ಕೈಯಲ್ಲಿಯೇ ಕೆಟ್ಟಿತೆಂದರೆ ಯಾರಿಗಾದರೂ ನೋವಾಗುವುದು ಸಹಜ. ಆ ದಿನ ಮಾವ ಅಡುಗೆಮನೆಯ ಹೊಸಿಲಲ್ಲಿ ಕುಳಿತು ಅವಳಿಗೆ ವಿವರಿಸಿದ್ದನ್ನೇ ನಾನು ಮುಂದೆ ಓದಿ ತಿಳಿದುಕೊಂಡದ್ದರ ಜೊತೆಗೆ ಸೇರಿಸಿ ಈಗ ನಿಮಗೆ ಹೇಳುತ್ತಿದ್ದೇನೆ.

ಕಾಫಿಯ ಬೀಜಕ್ಕೆ ಎರಡು ಜನ್ಮ. ಹಸಿಯ ಬೀಜದ್ದು ಒಂದು, ಹುರಿದ ಬೀಜದ್ದು ಇನ್ನೊಂದು. ಹದವಾಗಿ ಒಣಗಿಸಿದ ಹಸಿ ಬೀಜದಲ್ಲಿ ಶೇಕಡಾ 10ರಿಂದ 12ರಷ್ಟು ತೇವ ಉಳಿದಿರುತ್ತದೆ. ಅದನ್ನು ಗಾಳಿಯಾಡುವ, ನೆರಳಿರುವ ಒಣ ಜಾಗದಲ್ಲಿ ಇಟ್ಟರೆ ಒಂದು ವರ್ಷ ಧಾರಾಳವಾಗಿ ಕಾಯುತ್ತದೆ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಅರಬ್ಬೀ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆಲ್ಲ ತಿಳಿದದ್ದೇ. ಕಡಲನ್ನು ದಾಟಿಯೂ ಆ ಬೀಜಗಳು ಮೊಳೆತದ್ದು ಅವು ಹಸಿಯಾಗಿದ್ದುದರಿಂದ. ಹುರಿದ ಬೀಜವನ್ನು ತಂದಿದ್ದರೆ ನಮ್ಮ ಬೆಟ್ಟಗಳಲ್ಲಿ ಕಾಫಿಯೇ ಇರುತ್ತಿರಲಿಲ್ಲ.

ಹಸಿ ಬೀಜವೂ ಕೂಡ ತಾನಿರುವ ಗಾಳಿಯ ಗುಣವನ್ನು ಹೀರಿಕೊಳ್ಳುತ್ತದೆ ಎಂಬುದಕ್ಕೆ ಮಂಗಳೂರಿನ ಕರಾವಳಿಯೇ ಸಾಕ್ಷಿ. ಹಿಂದೆ ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಸಾಗಿ ಯೂರೋಪನ್ನು ಮುಟ್ಟುವಷ್ಟರಲ್ಲಿ, ಕಡಲಿನ ತೇವಕ್ಕೆ ಬೀಜ ಉಬ್ಬಿ, ಹಸುರು ಅಳಿದು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ರೂಢಿಯಾಯಿತು. ಪಯಣದ ಅವಧಿ ಕಡಿಮೆಯಾದ ಮೇಲೆ ಆ ರುಚಿಯನ್ನು ಮರಳಿ ಪಡೆಯಲೆಂದು ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ ಮಳೆಗಾಲದ ಗಾಳಿಗೆ ಒಡ್ಡುವ ಕ್ರಮ ಬಂದಿತು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿ ಪಳಗಿದ ಕೈ ದಿನದಿನವೂ ಬೀಜವನ್ನು ತಿರುವಿ ನೋಡಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಮಳೆಗಾಲಕ್ಕೆ ಆ ಭಾಗ್ಯವಿಲ್ಲ.

ಇನ್ನು ಹುರಿದ ಬೀಜದ ಮಾತು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೀಜದ ನೀರು ಆರಿ, ಬೀಜ ಹಿಗ್ಗಿ, ಚಟಚಟನೆ ಸಿಡಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಕೆಲವೇ ನಿಮಿಷಗಳಲ್ಲಿ ಹುಟ್ಟುವ ಸುಗಂಧದ್ರವ್ಯಗಳಲ್ಲಿ ಎಂಟುನೂರಕ್ಕೂ ಮಿಕ್ಕವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವೂ ಹುಟ್ಟಿ ಬೀಜದ ಒಳಗೆ ಸಿಕ್ಕಿಕೊಳ್ಳುತ್ತದೆ. ಅದು ದಿನಗಟ್ಟಲೆ ಮೆಲ್ಲಮೆಲ್ಲನೆ ಹೊರಬರುತ್ತ, ಹೊರಗಿನ ಆಮ್ಲಜನಕವನ್ನು ತಕ್ಕಮಟ್ಟಿಗೆ ದೂರವಿಡುತ್ತದೆ. ಬೀಜವನ್ನು ಪುಡಿ ಮಾಡಿದೆವೆಂದರೆ ಕೋಟೆಯ ಗೋಡೆಯನ್ನು ಒಡೆದಂತೆ; ಅನಿಲದ ಬಹುಭಾಗ ಕೂಡಲೇ ಹಾರಿಹೋಗುತ್ತದೆ, ಗಾಳಿ ಕಣಕಣಕ್ಕೂ ತಾಗುತ್ತದೆ, ಒಳಗಿನ ಎಣ್ಣೆ ನಿಧಾನವಾಗಿ ಕಮಟುತ್ತದೆ. ಕಾಫಿಪುಡಿಯ ಅಂಗಡಿಯಿರುವ ಬೀದಿಯೆಲ್ಲ ಘಮಘಮಿಸುವಾಗ ನಾವು ಹಿಗ್ಗುತ್ತೇವೆ. ಆ ಪರಿಮಳ ಬೀಜವನ್ನು ಬಿಟ್ಟು ಹೊರಟುಬಂದದ್ದು. ಅದು ಮತ್ತೆ ನಮ್ಮ ಲೋಟಕ್ಕೆ ಬಾರದು.

ಆದುದರಿಂದ ಮೊದಲನೆಯ ನಿಯಮ ಡಬ್ಬಿಗೆ ಸಂಬಂಧಿಸಿದ್ದಲ್ಲ, ಕೊಳ್ಳುವುದಕ್ಕೆ ಸಂಬಂಧಿಸಿದ್ದು. ಹುರಿದ ಇಡೀ ಬೀಜ ಮೂರು ನಾಲ್ಕು ವಾರ ಸೊಗಸಾಗಿರುತ್ತದೆ. ಪುಡಿಯ ಸೊಗಸು ಒಂದು ವಾರ, ಹೆಚ್ಚೆಂದರೆ ಎರಡು. ನಾಲ್ವರು ದಿನಕ್ಕೆ ಎರಡು ಬಾರಿ ಕುಡಿಯುವ ಮನೆಗೆ ವಾರಕ್ಕೆ ಅರ್ಧ ಕಿಲೋ ಪುಡಿ ಸಾಕಾಗುತ್ತದೆ. ಅಗ್ಗವೆಂದು ಎರಡು ಕಿಲೋ ತಂದರೆ ಕೊನೆಯ ಕಿಲೋದಲ್ಲಿ ಬಣ್ಣ ಮತ್ತು ಕಹಿ ಮಾತ್ರ ಉಳಿದಿರುತ್ತವೆ.

ಡಬ್ಬಿಯ ವಿಚಾರದಲ್ಲಿ ನೆನಪಿಡಬೇಕಾದ ಶತ್ರುಗಳು ನಾಲ್ಕು: ಗಾಳಿ, ತೇವ, ಶಾಖ, ಬೆಳಕು. ಮುಚ್ಚಳ ಬಿಗಿಯಾಗಿ ಕೂರುವ, ಬೆಳಕು ತೂರದ ಸ್ಟೀಲಿನ ಡಬ್ಬಿ ಉತ್ತಮ. ಹಾರ್ಲಿಕ್ಸ್ ಸೀಸೆಯಲ್ಲಿ ತುಂಬಿ ಕಿಟಕಿಯ ಮೇಲಿಟ್ಟರೆ ನೋಡಲು ಚೆನ್ನ, ಕುಡಿಯಲು ಅಲ್ಲ. ಡಬ್ಬಿ ದೊಡ್ಡದಾಗಿ ಪುಡಿ ತಳದಲ್ಲಿದ್ದರೆ ಮಿಕ್ಕ ಜಾಗದಲ್ಲೆಲ್ಲ ಗಾಳಿಯೇ ತುಂಬಿರುತ್ತದೆ. ಪುಡಿಗೆ ತಕ್ಕಷ್ಟೇ ಡಬ್ಬಿ ಇರಲಿ. ಒಲೆಯ ಪಕ್ಕ ಬೇಡ. ಒದ್ದೆ ಚಮಚ ಬೇಡವೇ ಬೇಡ. ಹಳೆಯ ಪುಡಿಯ ಮೇಲೆ ಹೊಸದನ್ನು ಸುರಿಯುವುದೂ ಸಲ್ಲದು. ಡಬ್ಬಿಯ ಗೋಡೆಗೆ ಅಂಟಿದ ಹಳೆಯ ಎಣ್ಣೆ ಹೊಸದನ್ನೂ ಕೆಡಿಸುತ್ತದೆ. ತೊಳೆದು, ಚೆನ್ನಾಗಿ ಒಣಗಿಸಿ ತುಂಬಬೇಕು. ಚಿಕೋರಿ ಬೆರೆತ ಪುಡಿಗೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಆ ಬೇರಿನ ಪುಡಿ ತೇವವನ್ನು ಬೇಗ ಹೀರಿ ಗಂಟುಕಟ್ಟುತ್ತದೆ.

ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಅನೇಕರು ಕೇಳುತ್ತಾರೆ. ದಿನವೂ ತೆಗೆಯುವ ಡಬ್ಬಿಯನ್ನು ಇಡಬಾರದು. ತಣ್ಣಗಿರುವ ಪುಡಿಗೆ ಹೊರಗಿನ ಬೆಚ್ಚನೆಯ ಗಾಳಿ ತಾಗಿದೊಡನೆ ನೀರ ಹನಿ ಕೂರುತ್ತದೆ. ಸಾಲದುದಕ್ಕೆ ಪಕ್ಕದಲ್ಲಿರುವ ದೋಸೆ ಹಿಟ್ಟಿನ ಹುಳಿಯನ್ನೂ ಹೆಚ್ಚಿದ ಈರುಳ್ಳಿಯ ವಾಸನೆಯನ್ನೂ ಕಾಫಿ ಸಂಕೋಚವಿಲ್ಲದೆ ಬರಮಾಡಿಕೊಳ್ಳುತ್ತದೆ. ಹೆಚ್ಚಾಗಿ ಬಂದ ಬೀಜವನ್ನು ಉಳಿಸಲೇಬೇಕೆಂದರೆ, ವಾರಕ್ಕೆ ಬೇಕಾಗುವಷ್ಟನ್ನು ಬೇರೆ ಬೇರೆಯಾಗಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟು, ಹೊರತೆಗೆದ ಕಟ್ಟು ಮಾಮೂಲಿನ ಹದಕ್ಕೆ ಬಂದ ಮೇಲೆಯೇ ಬಿಚ್ಚಬೇಕು. ಬಿಚ್ಚಿದ್ದನ್ನು ಮತ್ತೆ ಒಳಗಿಡಬಾರದು.

ಪುಡಿ ಹೊಸದೋ ಹಳೆಯದೋ ಎಂದು ಅರಿಯಲು ಫಿಲ್ಟರೇ ಸಾಕು. ಕುದಿದ ನೀರನ್ನು ಹೊಯ್ದೊಡನೆ ಪುಡಿ ಉಬ್ಬಿ ನೊರೆಯೆದ್ದರೆ ಅದರಲ್ಲಿ ಅನಿಲ ಇನ್ನೂ ಉಳಿದಿದೆ, ಅಂದರೆ ಅದು ಹೊಸದು. ಸದ್ದಿಲ್ಲದೆ ನೀರು ಕುಡಿದು ಕೆಸರಿನಂತೆ ಬಿದ್ದುಕೊಂಡರೆ ಅದರ ಕಾಲ ಮುಗಿದಿದೆ.

ಆ ಮಹಾನವಮಿಯ ನಂತರ ಮಾವ ಪುಡಿ ಕಳುಹಿಸುವುದನ್ನು ನಿಲ್ಲಿಸಿದ. ಹಸಿ ಬೀಜವನ್ನೇ ಕಳುಹಿಸತೊಡಗಿದ. ತಾಯಿ ಅದನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು, ವಾರಕ್ಕೊಮ್ಮೆ ಬಾಣಲೆಯಲ್ಲಿ ಹದವಾಗಿ ಹುರಿದು ಒಂದು ದಿನ ಆರಲು ಬಿಡುತ್ತಿದ್ದಳು. ಬೆಂಚಿಗೆ ತಿರುಪು ಹಾಕಿ ನಿಲ್ಲಿಸಿದ್ದ ಯಂತ್ರದಲ್ಲಿ ಬೆಳಗ್ಗೆ ಬೆಳಗ್ಗೆ ಅಂದಿಗೆ ಬೇಕಾದಷ್ಟನ್ನು ತಿರುಗಿಸುವುದು ನನ್ನ ಕೆಲಸವಾಯಿತು. ಬೀರುವಿನ ಡಬ್ಬಿಗೆ ಗುಂಡಿ, ಸೂಜಿ, ದಾರ ತುಂಬಿದವು. ಮನೆಯವರಿಗೂ ಬಂದವರಿಗೂ ಒಂದೇ ಕಾಫಿಯಾಯಿತು.

ಹಲವು ವರ್ಷಗಳ ಮೇಲೆ ಮಾವ ತೀರಿಕೊಂಡ. ತಾಯಿ ತವರಿಗೆ ಹೋಗಿ, ಕರ್ಮಾಂತರಗಳೆಲ್ಲ ಮುಗಿದ ಮೇಲೆ ಹಿಂತಿರುಗಿದಾಗ, ಅವನು ಕೊನೆಯ ಬಾರಿ ಕಳುಹಿಸಿದ್ದ ಬೀಜ ಚೀಲದಲ್ಲಿ ಎರಡು ಸೇರಿನಷ್ಟಿತ್ತು. ತಮ್ಮನ ನೆನಪಿಗೆಂದು ಅವಳು ಅದನ್ನು ಎತ್ತಿಡುವಳೆಂದು ನಾನು ಭಾವಿಸಿದ್ದೆ. ಮರುದಿನ ಬೆಳಗ್ಗೆ ಒಲೆಯ ಮೇಲೆ ಬಾಣಲೆ ಏರಿತ್ತು. "ಪೂರ್ತಿ ಹುರಿಯುತ್ತೀಯಾ ಅಮ್ಮ?" ಎಂದು ಕೇಳಿದೆ. "ಇಟ್ಟರೆ ಅವನಿಗೇ ಸಿಟ್ಟು ಬರುತ್ತದೆ" ಎಂದಳು. ಆ ವಾರವೆಲ್ಲ ಅಕ್ಕಪಕ್ಕದವರು, ಹಾಲಿನವನು, ಅಂಚೆಯವನು, ದುಃಖ ವಿಚಾರಿಸಲು ಬಂದ ನೆಂಟರು, ಎಲ್ಲರಿಗೂ ಮಾವನ ತೋಟದ ಕಾಫಿ. ಎಂಟನೆಯ ದಿನಕ್ಕೆ ಚೀಲ ಬರಿದಾಯಿತು. ಅದನ್ನು ಅವಳು ಒಗೆದು ಮಡಿಚಿಟ್ಟಳು.

ಈಗ ಅಂಗಡಿಗಳಲ್ಲಿ ಗುಂಡಿಯಂತಹ ಕವಾಟವಿರುವ ಪೊಟ್ಟಣಗಳು ದೊರೆಯುತ್ತವೆ. ಒಳಗಿನ ಅನಿಲ ಹೊರಹೋಗಲು ದಾರಿ ಕೊಟ್ಟು ಹೊರಗಿನ ಗಾಳಿಯನ್ನು ಒಳಕ್ಕೆ ಬಿಡದ ಜಾಣ ಏರ್ಪಾಟು ಅದು. ಹುರಿದ ದಿನಾಂಕವನ್ನು ಮುದ್ರಿಸುವವರೂ ಇದ್ದಾರೆ. ಕೊಳ್ಳುವಾಗ ಅದನ್ನು ನೋಡಿ ಕೊಳ್ಳಿ. ಆದರೆ ಕತ್ತರಿ ತಾಗಿದ ಗಳಿಗೆಯಿಂದ ಆ ಪೊಟ್ಟಣವೂ ನಮ್ಮ ಬೀರುವಿನ ಡಬ್ಬಿಯಂತೆಯೇ. ನಿಮ್ಮ ಮನೆಯಲ್ಲಿಯೂ ಯಾರಿಗೋ ಎಂದು ಎತ್ತಿಟ್ಟ ಒಳ್ಳೆಯ ಪುಡಿ ಇದ್ದರೆ, ಈ ಮಾತು ಮುಗಿದೊಡನೆ ಅದನ್ನು ತೆರೆಯಿರಿ. ಇಂದು ಮನೆಯಲ್ಲಿ ಇರುವವರಿಗೆ ಅದರಲ್ಲಿಯೇ ಕಾಫಿ ಮಾಡಿಕೊಡಿ.