ಚಾಳೀಸಿನ ಕಣ್ಣು

ನಲವತ್ತು ದಾಟಿದವರ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರುಂಟು. ಹಿಂದಿಯಲ್ಲಿ ಆ ಮಾತಿಗೆ ನಲವತ್ತು ಎಂದೇ ಅರ್ಥ. ವಯಸ್ಸೇ ಕನ್ನಡಕದ ಹೆಸರಾಗಿದೆ. ನನಗೆ ಅದರ ಅಗತ್ಯ ಬಿದ್ದಾಗ ನಾನು ಮೊದಲು ದೂರಿದ್ದು ಮುದ್ರಕರನ್ನು, ಆಮೇಲೆ ದೀಪವನ್ನು. ಪುಸ್ತಕ ಹಿಡಿದ ಕೈ ದಿನದಿನಕ್ಕೂ ದೂರ ಚಾಚಿ, ಕೊನೆಗೆ ತೋಳೇ ಸಾಲದಾದಾಗ ವೈದ್ಯರಲ್ಲಿಗೆ ಹೋದೆ.

ಕಣ್ಣಿನ ಪಾಪೆಯ ಹಿಂದೆ ಸುಮಾರು 9 ಮಿಲಿಮೀಟರ್ ಅಗಲದ ಪಾರದರ್ಶಕ ಮಸೂರವೊಂದಿದೆ. ದೂರದ ಬೆಟ್ಟವನ್ನು ನೋಡುವಾಗ ಅದು ಚಪ್ಪಟೆಯಾಗಿರುತ್ತದೆ. ಹತ್ತಿರದ ಅಕ್ಷರವನ್ನು ನೋಡುವಾಗ ಸುತ್ತಲಿನ ಸ್ನಾಯು ಸಂಕೋಚಗೊಂಡು, ಮಸೂರವನ್ನು ಬಿಗಿದ ಎಳೆಗಳು ಸಡಿಲವಾಗಿ, ಅದು ಉಬ್ಬುತ್ತದೆ. ಬದಲಾಗುವುದು ಮಸೂರವೇ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ ತನ್ನ ಕಣ್ಣನ್ನೇ ಪರೀಕ್ಷೆಗೊಡ್ಡಿ, 1801ರಲ್ಲಿ ಪ್ರಕಟಪಡಿಸಿದನು.

ನಮ್ಮ ಚರ್ಮ ಹಳೆಯ ಕಣಗಳನ್ನು ಉದುರಿಸುತ್ತದೆ. ಮಸೂರ ಯಾವುದನ್ನೂ ಉದುರಿಸದು. ಹಳೆಯ ಎಳೆಗಳ ಮೇಲೆ ಹೊಸವು ಪದರಪದರವಾಗಿ ಸೇರುತ್ತ ಬಾಳಿನುದ್ದಕ್ಕೂ ಬೆಳೆಯುತ್ತದೆ. ನಟ್ಟನಡುವಿನ ತಿರುಳು ನಾವು ತಾಯಿಯ ಗರ್ಭದಲ್ಲಿದ್ದಾಗ ರೂಪುಗೊಂಡದ್ದು, ಕಡೆಯವರೆಗೂ ಅದೇ. ಮರದೊಳಗೆ ಚೇಗು ಬಲಿಯುವಂತೆ ಅದೂ ಬಲಿಯುತ್ತದೆ. ಆಗ ಸ್ನಾಯು ತನ್ನ ಕೆಲಸ ಮಾಡಿದರೂ ಮಸೂರ ಉಬ್ಬಲಾರದು. ಹತ್ತು ವರ್ಷದ ಬಾಲಕ ಗೇಣಿಗಿಂತಲೂ ಹತ್ತಿರ ಹಿಡಿದು ಓದಬಲ್ಲ ಅಕ್ಷರ ಅರವತ್ತರವನಿಗೆ ಕನ್ನಡಕವಿಲ್ಲದೆ ತೋಳಳತೆಯಲ್ಲಿಯೂ ಮಸುಕು.

ಇಷ್ಟೇ ಅಲ್ಲ, ಮಸೂರ ಮೆಲ್ಲಮೆಲ್ಲನೆ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯತೊಡಗುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆಗೆ ಕಣ್ಣಿನಲ್ಲಿ ಪೊರೆಯಿದೆಯೆಂದು 1912ರಲ್ಲಿ ತಿಳಿಯಿತು. ಮುಂದೆ ಕೊಳವೆಗಳ ಮೇಲಿನ ಹೆಸರು ನೋಡಿ ಬಣ್ಣ ಆರಿಸಿಕೊಳ್ಳುವ ಸ್ಥಿತಿ ಬಂತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ, ಎಲ್ಲವೂ ಅತಿಯಾಗಿ ನೀಲಿಯಾಗಿದೆಯೆಂದು ಆತ ಗೋಳಾಡಿದನಂತೆ.

ಇದನ್ನು ಓದಿದ ದಿನ ನನಗೆ ನನ್ನ ತಾಯಿಯ ನೆನಪಾಯಿತು. ಎಪ್ಪತ್ತು ದಾಟಿದ ಮೇಲೆ ಅವರೊಮ್ಮೆ ನನ್ನ ಕಪ್ಪು ಕೋಟಿಗೆ ಕಡುನೀಲಿ ದಾರದಲ್ಲಿ ಗುಂಡಿ ಹೊಲಿದಿದ್ದರು. “ಕಪ್ಪೇ ಕಣೋ” ಎಂದರು. ನಾನು ನೆಂಟರೆದುರು ನಕ್ಕುಬಿಟ್ಟೆ. ಅವರು ಕೋಟನ್ನು ಕಿಟಕಿಯ ಬಳಿಗೆ ಒಯ್ದು ಬಹಳ ಹೊತ್ತು ನೋಡಿದರು. ಬಳಿಕ ಮಾತಿಲ್ಲದೆ ಹೊಲಿಗೆ ಬಿಚ್ಚತೊಡಗಿದರು. ಅವರ ಕಣ್ಣಿಗೆ ಅದು ಕಪ್ಪೇ ಆಗಿದ್ದಿರಬೇಕು. ಇದು ನನಗೆ ಅರ್ಥವಾಗುವ ವೇಳೆಗೆ ಕ್ಷಮೆ ಕೇಳಲು ಅವರಿರಲಿಲ್ಲ.

ಪೊರೆ ಬಲಿತ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಡುವ ವಿದ್ಯೆಯನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಆರಂಭಿಸಿದರು. ಇಂದು ಅದು ನಮ್ಮ ಊರುಗಳಲ್ಲಿಯೂ ನಡೆಯುತ್ತದೆ. ಆದರೆ ವೈದ್ಯರವರೆಗೆ ಹೋಗುವ ಮೊದಲು ಮನೆಯವರು ಗಮನಿಸಬೇಕು. ಬದಲಾವಣೆ ನಿಧಾನವಾದ್ದರಿಂದ ನೋಡುವವರಿಗೇ ಅದು ತಿಳಿಯದು. ನಿಮ್ಮ ಮನೆಯ ಹಿರಿಯರು ನೀಲಿಯನ್ನು ಕಪ್ಪು ಎಂದರೆ ನಗಬೇಡಿ. ದೀಪವನ್ನು ತುಸು ಹತ್ತಿರಕ್ಕೆ ತಂದಿಡಿ.