ಮೂಲೆ ಸೇರಿದ ಲ್ಯಾಪ್‌ಟಾಪ್ ಕಸವೇ?

(ಬಿಟಿಎಂ ಲೇಔಟ್‌ನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದಾಗ ಹುಟ್ಟಿದ್ದು ಬಿಟಿಎಂ ಲೇಔಟ್ ಎಂಬ ಹೆಸರು. ಇಂದು ಈ ಬಡಾವಣೆಯ ಅಡ್ಡರಸ್ತೆಗಳ ತುಂಬ ಪಿ.ಜಿ.ಗಳು, ಬಾಡಿಗೆ ಮನೆಗಳು, ಸಾಫ್ಟ್‌ವೇರ್ ನೌಕರರು, ಕೆಲಸ ಹುಡುಕಿಕೊಂಡು ಬಂದ ಹುಡುಗ ಹುಡುಗಿಯರು. ಇಲ್ಲಿನ ಯಾವುದೇ ಮನೆಯ ಕಪಾಟನ್ನು ತೆರೆದರೂ ಹಳೆಯ ಲ್ಯಾಪ್‌ಟಾಪ್ ಒಂದು ಸಿಗುವ ಸಂಭವ ಹೆಚ್ಚು. ಅದರ ಪರದೆ ಒಡೆದಿರುವುದಿಲ್ಲ, ಕೀಲಿಮಣೆ ಕೆಟ್ಟಿರುವುದಿಲ್ಲ. ‘ಸ್ಲೋ ಆಗಿದೆ’ ಎಂಬ ಒಂದೇ ಆರೋಪದ ಮೇಲೆ ಅದು ಮೂಲೆ ಸೇರಿರುತ್ತದೆ. ಇನ್ನು ಕಂಪನಿಗಳು ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊರಹಾಕುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೂ ಎಸ್.ಪಿ. ರಸ್ತೆಗೂ ರಾಶಿರಾಶಿಯಾಗಿ ಬಂದು ಬೀಳುತ್ತವೆ.

ಬೆಟ್ಟ, ಕಾಡು, ಹೊಳೆಗಳ ಬಗ್ಗೆ ಮಾತನಾಡುವವರಿಗೆ ಈ ಪೆಟ್ಟಿಗೆಗಳ ಗೊಡವೆ ಏಕೆ? ಉತ್ತರ ಆ ಪೆಟ್ಟಿಗೆಯ ಒಳಗೇ ಇದೆ. ಅದರಲ್ಲಿರುವ ತಾಮ್ರ, ತವರ, ಚಿನ್ನ, ಕೋಬಾಲ್ಟ್‌ಗಳೆಲ್ಲ ಯಾವುದೋ ಬೆಟ್ಟವನ್ನು ಬಗೆದು ತಂದವುಗಳೇ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ರಂದು ನಿಂತಿತು. ಭದ್ರೆಯ ನೀರಿಗೆ ಅದರಿಂದ ಬಿಡುಗಡೆ ದೊರೆಯಿತು. ಆದರೆ ಲೋಹದ ಹಸಿವು ತಣಿಯಲಿಲ್ಲ. ಕಾಂಗೋದ ಕೋಬಾಲ್ಟ್, ಚಿಲಿಯ ತಾಮ್ರ, ಇಂಡೋನೇಷ್ಯಾದ ತವರ ಆ ಹಸಿವನ್ನು ಇಂದಿಗೂ ತಣಿಸುತ್ತಿವೆ. ಒಂದು ಲ್ಯಾಪ್‌ಟಾಪಿನ ಆಯುಷ್ಯದಲ್ಲಿ ಅದು ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಬಳಸುವಾಗ ಉರಿಯುವ ವಿದ್ಯುತ್ತಿನ ಪಾಲು ಕಡಿಮೆ. ಆದುದರಿಂದ ಹೊಸದನ್ನು ಕೊಳ್ಳದೆ ಹಳೆಯದನ್ನು ಇನ್ನೈದು ವರ್ಷ ಬಳಸುವುದು ಜಿಪುಣತನವಲ್ಲ, ಬೆಟ್ಟವೊಂದಕ್ಕೆ ಕೊಡುವ ಬಿಡುವು.

ಯಂತ್ರ ಗಟ್ಟಿಯಾಗಿರುವಾಗ ಅದನ್ನು ಹಳೆಯದೆಂದು ಸಾರುವವರು ಯಾರು? ತಂತ್ರಾಂಶದ ಕಂಪನಿಗಳು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಸುರಕ್ಷತೆಯನ್ನು ನೀಡಿದ್ದು ಹೌದು, ಆದರೆ ಅದು ವಾಯಿದೆ ಮಾತ್ರ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದು ಅಥವಾ ಅದರ ನಂತರದ್ದು ಆಗಿರಬೇಕು. 2016ರಲ್ಲಿ ಅರವತ್ತು ಸಾವಿರ ಕೊಟ್ಟು ಕೊಂಡ ಯಂತ್ರವೂ ಈ ಹೊಸಿಲನ್ನು ದಾಟಲಾರದು. ಹಳ್ಳಿಯಲ್ಲಿ ಎತ್ತು ಮುದಿಯಾಯಿತೇ ಎಂಬುದನ್ನು ಅದನ್ನು ಹೂಡುವ ರೈತ ಹೇಳುತ್ತಾನೆ. ಇಲ್ಲಿ ಆ ಮಾತನ್ನು ಮಾರಿದವನೇ ಹೇಳುತ್ತಾನೆ.

ಈ ತೀರ್ಮಾನವನ್ನು ಬಳಸುವವರ ಕೈಗೆ ಮರಳಿಸುವ ದಾರಿ ಲಿನಕ್ಸ್. ಅದರ ಚರಿತ್ರೆ ಹಲವರಿಗೆ ಗೊತ್ತಿದೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ತಿರುಳು, ಇವೆರಡೂ ಸೇರಿ ಬೆಳೆದ ವ್ಯವಸ್ಥೆ ಅದು. ಮೂಲ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಹಳೆಯ ಯಂತ್ರವನ್ನು ನಡೆಸಿಕೊಂಡು ಹೋಗಬೇಕೆನ್ನುವವರು ಒಟ್ಟಾಗಿ ಅದನ್ನು ಉಳಿಸಿಕೊಳ್ಳಬಹುದು. ಹಾಗೆಂದು ಲಿನಕ್ಸ್ ಎಲ್ಲವನ್ನೂ ಚಿರಕಾಲ ಹೊತ್ತು ನಡೆಯುತ್ತದೆ ಎಂದು ಭಾವಿಸಬಾರದು. ಅದು ಮೊದಲು ಹುಟ್ಟಿದ 386 ಸಂಸ್ಕಾರಕದ ಬೆಂಬಲವನ್ನೇ 2012ರಲ್ಲಿ ತಿರುಳಿನಿಂದ ತೆಗೆದುಹಾಕಲಾಯಿತು. ಆದರೆ ಅಲ್ಲಿ ಕಳೆದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಬುದನ್ನು ನೆನಪಿಡಬೇಕು.

ಯಾವ ಯಂತ್ರಕ್ಕೆ ಯಾವ ಲಿನಕ್ಸ್ ಎಂಬ ಪ್ರಶ್ನೆಗೆ ಹುರುಪಿನ ಹುಡುಗರು ಇಪ್ಪತ್ತು ಹೆಸರು ಹೇಳಿ ಕೇಳುವವರನ್ನು ಕಂಗೆಡಿಸುತ್ತಾರೆ. ಅಷ್ಟು ಗೊಂದಲ ಅನಗತ್ಯ. ನಾಲ್ಕು ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇರುವ, 64 ಬಿಟ್‌ನ ಯಂತ್ರವಾದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ವಿಂಡೋಸ್ ರೂಢಿಯಾದವರಿಗೆ ಅದರ ಮುಖ ಪರಿಚಿತವೆನಿಸುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಅದಕ್ಕಿಂತ ಬಡಕಲಾದ ಯಂತ್ರಕ್ಕೆ ಲುಬುಂಟು ಅಥವಾ ಹಗುರವಾದ ಮೇಜುಮುಖವುಳ್ಳ ಡೆಬಿಯನ್ ಹೊಂದುತ್ತದೆ. ಎರಡು ಜಿಬಿಯೊಳಗಿನ ಯಂತ್ರಕ್ಕೆ ಆಂಟಿಎಕ್ಸ್, ಪಪ್ಪಿಯಂಥವು ಇವೆ. ಹಳೆಯ 32 ಬಿಟ್ ಯಂತ್ರಗಳ ದಾರಿ ಮಾತ್ರ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಅನುಸ್ಥಾಪಕವನ್ನೇ ಕೊಡುವುದಿಲ್ಲ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಮಧ್ಯದವರೆಗೆ ನಡೆಯುತ್ತದೆ. ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದೆ ಬರವಣಿಗೆ, ಲೆಕ್ಕಪತ್ರಗಳಿಗೆ ಬಳಸುವುದು ಲೇಸು.

ಒಂದು ಭ್ರಮೆಯನ್ನು ಇಲ್ಲಿಯೇ ಕಳೆಯಬೇಕು. ಕಾರ್ಯಾಚರಣಾ ವ್ಯವಸ್ಥೆ ಎಷ್ಟೇ ಹಗುರವಾದರೂ ಇಂದಿನ ಜಾಲತಾಣಗಳು ಹಗುರವಾಗಿಲ್ಲ. ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದೊಡನೆ ಎರಡು ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಅದಕ್ಕೆ ಲಿನಕ್ಸನ್ನು ದೂರಿ ಫಲವಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಕೊಡಬಹುದಾದ ಅತ್ಯುತ್ತಮ ಚಿಕಿತ್ಸೆಯೆಂದರೆ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕುವುದು, ಸಾಧ್ಯವಾದರೆ ರ‍್ಯಾಮನ್ನು ಎಂಟು ಜಿಬಿಗೆ ಏರಿಸುವುದು. ಇಷ್ಟರಿಂದಲೇ ‘ಸ್ಲೋ’ ಎಂಬ ಆರೋಪದ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ. ಆದುದರಿಂದಲೇ ಕೊಳ್ಳುವಾಗ ತಿರುಪು ಬಿಚ್ಚಿ ತೆರೆಯಬಹುದಾದ ಯಂತ್ರವನ್ನು ಆರಿಸಬೇಕು. ಹತ್ತು ವರ್ಷ ಹಿಂದಿನ ದಪ್ಪ ಥಿಂಕ್‌ಪ್ಯಾಡಿನ ಬೆನ್ನು ಒಂದು ಸ್ಕ್ರೂ ಡ್ರೈವರಿಗೆ ಮಣಿಯುತ್ತದೆ. ಆನಂತರ ಬಂದ ಹಲವು ತೆಳ್ಳನೆಯ ಸುಂದರಾಂಗಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ.

ಹಣ ಕೊಡುವ ಮುನ್ನ ಎಂಟು ಜಿಬಿಯ ಪೆನ್ ಡ್ರೈವಿನಲ್ಲಿ ಲಿನಕ್ಸ್ ತುಂಬಿಕೊಂಡು ಹೋಗಿ, ಯಂತ್ರದೊಳಗಿನ ಯಾವುದನ್ನೂ ಅಳಿಸದೆ ಅದರಿಂದಲೇ ಚಾಲೂ ಮಾಡಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ನಿದ್ದೆಯಿಂದ ಏಳುತ್ತದೆಯೇ ಎಂಬಿಷ್ಟನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ಅದಕ್ಕೆ ಒಪ್ಪದ ಅಂಗಡಿಯಿಂದ ಕೊಳ್ಳದಿರುವುದೇ ಒಳಿತು. ಮೊದಲೆಲ್ಲ ವೈಫೈಗೆ ಬೇಕಾದ ಫರ್ಮ್‌ವೇರ್ ಹುಡುಕುವುದೇ ಒಂದು ವ್ರತವಾಗಿತ್ತು. 2023ರ ಡೆಬಿಯನ್ 12ರಿಂದ ಅದು ಅನುಸ್ಥಾಪಕದ ಜೊತೆಗೇ ಬರುತ್ತಿದೆ. ಬ್ಯಾಟರಿ ಉಬ್ಬಿ ಕೀಲಿಮಣೆಯನ್ನು ಮೇಲೆತ್ತಿದ್ದರೆ ಆ ಯಂತ್ರವನ್ನು ಹಾಗೆಯೇ ಮನೆಗೆ ತರಬಾರದು. ಅದು ಬೆಂಕಿಯ ಮಾತು.

ಇನ್ನು ಆಟದ ಗಣಕಗಳು. ಪಿ.ಜಿ. ಖಾಲಿ ಮಾಡುವ ಹುಡುಗರು ಬಣ್ಣಬಣ್ಣದ ದೀಪದ ಈ ಡಬ್ಬಗಳನ್ನು ಅರ್ಧಬೆಲೆಗೆ ಬಿಟ್ಟು ಹೋಗುತ್ತಾರೆ. ಲಿನಕ್ಸಿನಲ್ಲಿ ಆಟ ನಡೆಯದು ಎಂಬುದು ಹಳೆಯ ಮಾತು. ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ಮಧ್ಯವರ್ತಿ ತಂತ್ರಾಂಶವನ್ನು ಹೊರತಂದ ಮೇಲೆ, 2022ರಲ್ಲಿ ಲಿನಕ್ಸ್ ಆಧಾರಿತ ಸ್ಟೀಮ್ ಡೆಕ್ ಮಾರುಕಟ್ಟೆಗೆ ಬಂದ ಮೇಲೆ, ವಿಂಡೋಸಿಗೆಂದೇ ಬರೆದ ಸಾವಿರಾರು ಆಟಗಳು ಲಿನಕ್ಸಿನಲ್ಲಿ ಓಡುತ್ತಿವೆ. ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್‌ನಂಥವು ಓಡುವುದಿಲ್ಲ. ಮೋಸ ತಡೆಯಲು ಅವು ಬಳಸುವ ಕಾವಲು ತಂತ್ರಾಂಶವನ್ನು ಆ ಆಟಗಳ ತಯಾರಕರು ಲಿನಕ್ಸಿಗೆ ತೆರೆದಿಲ್ಲ. ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳದಿದ್ದರೆ ಲಿನಕ್ಸ್ ಬಂದ ದಿನವೇ ಮನೆಯಲ್ಲಿ ಜಗಳ. ಗ್ರಾಫಿಕ್ಸ್ ಕಾರ್ಡ್ ಎಎಂಡಿಯದಾದರೆ ಅದರ ಚಾಲಕ ತಿರುಳಿನಲ್ಲೇ ಇರುವುದರಿಂದ ಹಳೆಯ ಕಾರ್ಡೂ ಬಹುಕಾಲ ಬಾಳುತ್ತದೆ. ಎನ್‌ವಿಡಿಯಾದಾದರೆ ಕಂಪನಿಯ ಮುಚ್ಚಿದ ಚಾಲಕವನ್ನೇ ನೆಚ್ಚಬೇಕು, ಅದು ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಕೈಬಿಡುತ್ತ ಬಂದಿದೆ. 2016ರ ಜಿಟಿಎಕ್ಸ್ 10 ಸರಣಿಗೆ 580ನೆಯ ಚಾಲಕ ಶಾಖೆಯೇ ಕೊನೆಯದು.

ಮಲೆನಾಡಿಗೆ ಆಟದ ಗಣಕವನ್ನು ಕೊಂಡೊಯ್ಯುವವರು ಇನ್ನೊಂದು ಲೆಕ್ಕ ಹಾಕಬೇಕು. 150 ಆಂಪೇರ್ ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇರುತ್ತದೆ, ಕೈಗೆ ಸಿಗುವುದು ಸುಮಾರು 1200 ಎಂದಿಟ್ಟುಕೊಂಡರೆ, 300 ವ್ಯಾಟ್ ಎಳೆಯುವ ಆಟದ ಗಣಕ ಅದನ್ನು ನಾಲ್ಕು ಗಂಟೆಯಲ್ಲಿ ಬರಿದು ಮಾಡುತ್ತದೆ. 25 ವ್ಯಾಟಿನ ಹಳೆಯ ಲ್ಯಾಪ್‌ಟಾಪ್ ಅದೇ ಬ್ಯಾಟರಿಯಲ್ಲಿ ಎರಡು ದಿನ ದೂಡುತ್ತದೆ. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದಾಗ ಈ ವ್ಯತ್ಯಾಸ ಅರ್ಥವಾಗುತ್ತದೆ. ಆಟ ಬೇಡದವರು ಗ್ರಾಫಿಕ್ಸ್ ಕಾರ್ಡನ್ನೇ ತೆಗೆದಿಟ್ಟು, ಸಂಸ್ಕಾರಕದೊಳಗೇ ಚಿತ್ರಘಟಕವಿದ್ದರೆ ಅದರಿಂದ ನಡೆಸಬಹುದು. ಹಾಗೆ ಉಳಿದ ಯಂತ್ರ ಹದಿನಾರು ಜಿಬಿ ರ‍್ಯಾಮಿನೊಂದಿಗೆ ನಕಾಶೆಯ ಕೆಲಸಕ್ಕೆ ಬಲು ಯೋಗ್ಯ. ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಉಪಗ್ರಹ ಚಿತ್ರ, ಸರ್ವೆ ನಂಬರು, ಹಳ್ಳಗಳ ಜಾಡು ಎಲ್ಲವನ್ನೂ ಒಂದರ ಮೇಲೊಂದು ಹಾಸಿ ನೋಡಬಹುದು. ಯೋಜನಾ ವರದಿಗಳು ಹೇಳುವ ಕಾಡಿನ ವಿಸ್ತೀರ್ಣವನ್ನು ಊರಿನವರೇ ಅಳೆದು ತಾಳೆ ನೋಡಲು ಪರವಾನಗಿಯ ಶುಲ್ಕ ಕಟ್ಟಬೇಕಿಲ್ಲ.

ಯಂತ್ರ, ತಂತ್ರಾಂಶ ಎರಡೂ ದೊರೆತವು ಎನ್ನೋಣ. ಉಳಿದದ್ದು ಮನುಷ್ಯರ ವಿಷಯ, ಬಹುಮಟ್ಟಿಗೆ ಸೋಲುವುದೂ ಅಲ್ಲಿಯೇ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಬಿಟಿಎಂ ಲೇಔಟ್‌ಗೆ ಅಂಟಿಕೊಂಡೇ ಇರುವ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಎಂಬ ಕೊಳೆಗೇರಿಯಲ್ಲಿ 2000ರ ದಶಕದ ಕೊನೆಯ ಭಾಗದಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ರೂಪುಗೊಂಡಿತು. ಚಿಕ್ಕ ಕೋಣೆ, ಕೆಲವೇ ಗಣಕಗಳು, ಅವುಗಳಲ್ಲಿ ಸ್ವತಂತ್ರ ತಂತ್ರಾಂಶ. 2009ರಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಹೆಸರಿನಲ್ಲಿ ಸಂಘಟಿತರಾದ ಯುವ ಎಂಜಿನಿಯರರು, ವಿದ್ಯಾರ್ಥಿಗಳು ರಜಾದಿನಗಳಲ್ಲಿ ಅಲ್ಲಿಗೆ ಹೋಗಿ ಕಲಿಸಿದರು. ಅಲ್ಲಿನ ಮಕ್ಕಳು ಗಿಂಪ್ ತಂತ್ರಾಂಶದಲ್ಲಿ ಬಿಡಿಸಿದ ಚಿತ್ರಗಳು ನಗರದ ಸಭಿಕರ ಕಣ್ಣಿಗೂ ಬಿದ್ದವು. ಗಮನಿಸಬೇಕಾದದ್ದು ಚಿತ್ರಗಳನ್ನಷ್ಟೇ ಅಲ್ಲ. ಗಣಕ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವವರಿಗೆ ಬರವಿಲ್ಲ. ಮುಂದಿನ ವಾರ ಮತ್ತೆ ಬಂದು, ನಿಂತ ಯಂತ್ರವನ್ನು ಬಿಚ್ಚಿ ಸರಿಪಡಿಸಿ, ಅದನ್ನು ಬಿಚ್ಚುವುದನ್ನೇ ಮಕ್ಕಳಿಗೆ ಕಲಿಸುವವರು ವಿರಳ.

ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿರುವ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಡನೆ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಬಳಸಲು ಕಲಿತರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮದಂತೆ ಲಿನಕ್ಸಿನಲ್ಲಿಯೇ ಗಣಕ ಕಲಿಯುತ್ತಾರೆ, ಅವರ ಪುಸ್ತಕ ಕನ್ನಡದಲ್ಲೇ ಇದೆ. ಆದುದರಿಂದ ‘ಹಳ್ಳಿ ಮಕ್ಕಳಿಗೆ ಲಿನಕ್ಸ್ ಕಷ್ಟ’ ಎಂಬ ಮಾತನ್ನು ಇನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ಕನ್ನಡದ ಮಟ್ಟಿಗೆ ಲಿನಕ್ಸ್ ಬರಡಲ್ಲ. ಕಗಪ ಹಾಗೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸಗಳು ಅದರಲ್ಲಿ ಸಿಗುತ್ತವೆ; ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಡೆಬಿಯನ್‌ನ ಉಗ್ರಾಣದಲ್ಲೇ ಇವೆ. ತೊಡಕಿರುವುದು ಹಳೆಯ ನುಡಿ, ಬರಹ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ಆ ಕಡತಗಳನ್ನು ಪರಿವರ್ತಕದಿಂದ ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಂದ ತಿದ್ದಲೇಬೇಕು. ಸಂಘದ ಹತ್ತು ವರ್ಷದ ಠರಾವುಗಳು ಅಂಥ ಕಡತದಲ್ಲಿದ್ದರೆ ವಿಂಡೋಸ್ ಅಳಿಸುವ ಮುನ್ನ ಈ ಕೆಲಸ ಮುಗಿಸಬೇಕು, ಅನಂತರವಲ್ಲ. ಕನ್ನಡಕ್ಕೊಂದು ಸ್ವತಂತ್ರ ತಂತ್ರಾಂಶ ಬೇಕೆಂದು ಮೂಡಿಗೆರೆಯಲ್ಲಿ ಕುಳಿತು ಹಟ ಹಿಡಿದವರು ಪೂರ್ಣಚಂದ್ರ ತೇಜಸ್ವಿಯವರು. ಮಲೆನಾಡಿಗೆ ಈ ಚಿಂತೆ ಹೊಸದೇನಲ್ಲ.

ಬೆಂಗಳೂರಿನಿಂದ ಬೆಟ್ಟದ ಶಾಲೆಗೆ ಯಂತ್ರ ಕಳಿಸುವವರಿಗೆ ಕೊನೆಯದಾಗಿ ಕೆಲವು ಮಾತು. ಚಾಲೂ ಆಗದ ಯಂತ್ರವನ್ನು ದಾನವೆಂದು ಕಳಿಸಿದರೆ ಅದು ನಗರದ ಕಸವನ್ನು ಕಾಡಂಚಿಗೆ ಸುರಿದಂತೆ. ಅಲ್ಲಿ ಅದನ್ನು ಒಯ್ಯಲು ಬರುವವನು ಗುಜರಿಯವನು ಮಾತ್ರ. ತಂತಿ ಸುಟ್ಟು ತಾಮ್ರ ತೆಗೆದು ಉಳಿದದ್ದನ್ನು ಹಳ್ಳಕ್ಕೆ ಎಸೆದರೆ ಕೇಳುವವರಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿವೆ, ದುರಸ್ತಿ ಮಾಡಿ ಮರುಬಳಕೆಗೆ ಕೊಡುವವರನ್ನೂ ನೋಂದಣಿಯೊಳಗೆ ತಂದಿವೆ. ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಸಂಸ್ಕರಣಾ ಘಟಕ ಬೆಂಗಳೂರಿನ ಹತ್ತಿರವೇ 2005ರಿಂದ ಇರುವಾಗ ಸತ್ತ ಯಂತ್ರವನ್ನು ಘಟ್ಟ ಹತ್ತಿಸುವ ಅಗತ್ಯವಿಲ್ಲ. ಕಳಿಸುವ ಯಂತ್ರಗಳೆಲ್ಲ ಆದಷ್ಟೂ ಒಂದೇ ಮಾದರಿಯವಾಗಿದ್ದರೆ ಒಂದರ ಚಾರ್ಜರ್ ಇನ್ನೊಂದಕ್ಕೆ ಬರುತ್ತದೆ, ಐದರಲ್ಲಿ ಒಂದು ಸತ್ತರೂ ಅದರ ಬಿಡಿಭಾಗಗಳಿಂದ ನಾಲ್ಕು ಬದುಕುತ್ತವೆ. ಜೊತೆಗೆ ಲಿನಕ್ಸ್ ತುಂಬಿದ ಎರಡು ಪೆನ್ ಡ್ರೈವ್, ಒಂದು ಸ್ಕ್ರೂ ಡ್ರೈವರ್ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಚಾಲೂ ಇಟ್ಟರೆ ಒಳಗೆ ಬೂಷ್ಟು ಹಿಡಿಯುವುದು ಕಡಿಮೆ. ಗುಡುಗು ಕೇಳಿದೊಡನೆ ಚಾರ್ಜರನ್ನೂ ಮೋಡೆಮ್ಮಿನ ತಂತಿಯನ್ನೂ ಕೀಳಬೇಕೆಂದು ಶಾಲೆಯ ಗೋಡೆಯ ಮೇಲೆ ಬರೆದು ಅಂಟಿಸಿ ಬರಬೇಕು.