ಗಾಡಿ ಬಿಟ್ಟು ರೈಲು ಹತ್ತಿದ್ದು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಬೆಂಗಳೂರಿನಲ್ಲಿ ಹೇಗಿದ್ದೀಯಪ್ಪಾ ಎಂದು ಬೆಳಗಿನಿಂದ ಹಲವರು ಕೇಳಿದಿರಿ. ಅಲ್ಲಿ ನಮ್ಮ ಆಯುಷ್ಯದ ದೊಡ್ಡ ಪಾಲು ರಸ್ತೆಯ ಮೇಲೇ ಕಳೆಯುತ್ತದೆ. ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

2021ರ ಡಿಸೆಂಬರ್ ಕೊನೆಯಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ದುರಸ್ತಿಗೆಂದು ಮುಚ್ಚಿದರು. ಕೂಡ್ಲಿಗಿ, ಚಿತ್ರದುರ್ಗದ ಮೇಲೆ ಹೋಗುವ ನಮಗೆಲ್ಲ ಬೆಂಗಳೂರಿನ ಬಾಗಿಲು ಅದೇ. ಮರುತಿಂಗಳು ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿಯೇ ಊರು ಬಿಟ್ಟೆ. ಜಯನಗರದ ಕಡೆಯ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಪೀಣ್ಯದಲ್ಲಿ ಕೆಳಗಿನ ರಸ್ತೆಗೆ ಇಳಿದು ಲಾರಿಗಳ ನಡುವೆ ಸಿಕ್ಕಿಕೊಂಡೆವು. ಪಕ್ಕದಲ್ಲೇ, ಎತ್ತರದಲ್ಲಿ, ಮೆಟ್ರೋ ರೈಲುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಡಾಕ್ಟರು ಎದ್ದು ಹೋಗಿದ್ದರು. ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂದಿನ ಸಲ ನಾಗಸಂದ್ರದ ಮೆಟ್ರೋ ನಿಲ್ದಾಣದಲ್ಲಿ ಕಾರು ನಿಲ್ಲಿಸಿದೆ. ಅಪ್ಪ ಇಳಿಯಲೊಲ್ಲರು. "ಗಾಡಿ ಇಟ್ಕಂಡು ರೈಲ್ಯಾಕ ಹತ್ತಬೇಕಲೇ? ಇದನ್ನ ಇಲ್ಲಿ ಯಾರು ನೋಡ್ಕಂತಾರ?" ಎಂದರು. ಆಗ ಹಂಪಿ ನೆನಪಿಸಿದೆ. ವಿಜಯ ವಿಠ್ಠಲ ದೇವಸ್ಥಾನ ನೋಡಲು ಹೋದಾಗ ಗೆಜ್ಜಲ ಮಂಟಪದ ಹತ್ತಿರ ಗಾಡಿ ಬಿಟ್ಟು, ತಕರಾರಿಲ್ಲದೆ ಬ್ಯಾಟರಿ ಗಾಡಿ ಹತ್ತಿದ್ದೆವಲ್ಲ? "ಅಲ್ಲಿ ಬ್ಯಾರೆ ದಾರಿ ಇಲ್ಲ. ಮ್ಯಾಲೆ ಗುಡಿ ಮುಂದಕ್ಕೇ ಬಿಡ್ತಾರ" ಎಂದರು ಅಪ್ಪ.

ಆ ಮಾತಿನ ತೂಕ ಜಯನಗರದಲ್ಲಿ ಇಳಿದಾಗ ತಿಳಿಯಿತು. ರೈಲು ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸಿತ್ತು. ಆದರೆ ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಎಂದು ಆಟೋದವರು ಹೊರಟರು. ಅಪ್ಪ ನಡೆದರು, ದಾರಿಯಲ್ಲಿ ಎರಡು ಕಡೆ ಕೂತರು. ಅವತ್ತು ಡಾಕ್ಟರು ಸಿಕ್ಕರು.

ಬೆಂಗಳೂರಿನವರು ಜಂಬಕ್ಕೆ ಕಾರು ಬಿಡುವುದಿಲ್ಲ ಎಂದು ಕೆಲವರು ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬನೇ ಹೋಗುವವನಿಗೆ ಮೆಟ್ರೋ ಸರಿ. ಮನೆಮಂದಿ ನಾಲ್ವರಾದರೆ ಪಾರ್ಕಿಂಗ್ ಹಣ, ನಾಲ್ಕು ಟಿಕೆಟ್, ಇಳಿದ ಮೇಲೆ ಆಟೋ ಎಲ್ಲ ಕೂಡಿಸಿ, ಕಾರೇ ವಾಸಿ ಅನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಇನ್ನು ಶಾಂತಿನಗರ, ಜಯನಗರದಂಥ ಕಡೆ ಬಿಎಂಟಿಸಿಯವರು ಬಸ್ ನಿಲ್ದಾಣದ ಜೊತೆಗೇ ವಾಹನ ನಿಲ್ಲಿಸಲು ಮಹಡಿ ಕಟ್ಟಿದ್ದಾರೆ. ಅಷ್ಟು ದೂರ, ನಗರದ ನಟ್ಟನಡುವಿಗೆ, ಕಾರು ತಂದವನು ಅಲ್ಲಿ ಇಳಿದು ಬಸ್ ಯಾಕೆ ಹತ್ತಿಯಾನು? ಗಾಡಿ ಬಿಡಿಸಬೇಕಾದ್ದು ಊರ ಹೊರಗೆ, ನಾಗಸಂದ್ರದಂಥ ಕಡೆ.

ಬಂಡ್ರಿಯವರಾದ ನಮಗೆ ಇದೇನು ಹೊಸದಲ್ಲ. ಹೊಲದ ಕಡೆಯಿಂದ ಬೈಕಿನಲ್ಲಿ ಬಂದು, ಗುರುತಿನವರ ಅಂಗಡಿ ಮುಂದೆ ನಿಲ್ಲಿಸಿ, "ಅಣ್ಣಾ, ಸಂಜಿತನ ನೋಡ್ಕ" ಎಂದು ಹೇಳಿ ಸಂಡೂರು ಬಸ್ ಹತ್ತುವವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ನೋಡಿಕೊಳ್ಳಲು ಅಲ್ಲೊಬ್ಬ ಮನುಷ್ಯ ಇರುತ್ತಾನೆ, ಅಷ್ಟೇ ವ್ಯತ್ಯಾಸ.

ಅಪ್ಪ ಅಮ್ಮನನ್ನು ತೋರಿಸಲು ಗಾಡಿ ಮಾಡಿಕೊಂಡು ಬೆಂಗಳೂರಿಗೆ ಬರುವವರು ಹಿಂದಿನ ದಿನವೇ ನನಗೆ ಫೋನ್ ಮಾಡಿ. ನಂಬರು ಮೇಷ್ಟ್ರ ಹತ್ತಿರ ಕೊಟ್ಟಿದ್ದೇನೆ. ನಾಗಸಂದ್ರದಲ್ಲಿ ಬಂದು ನಿಂತಿರುತ್ತೇನೆ. ಜಯನಗರದ ಆಟೋದವರ ಜೊತೆ ಮಾತಾಡುವುದೂ ಈಗ ಅಭ್ಯಾಸವಾಗಿದೆ.